ಕೊಂದ ಗಾಡಿಯ ಎಂಜಿನ್

ರಾಕೇಶನನ್ನು ಕೊಂದ ಸ್ಕಾರ್ಪಿಯೋ ಬಾಳೆಹೊನ್ನೂರಿನ ಗುಜರಿಯಲ್ಲಿ ಬಿದ್ದಿದೆ ಎಂದು ಭವ್ಯಳಿಗೆ ಹೇಳಿದವನು ಕಬ್ಬಿಣದ ಸರಳು ತಂದುಕೊಡುವ ಲಿಂಗಪ್ಪ. ಬೇಕೆಂದು ಹೇಳಿದ್ದಲ್ಲ. ಪಿಕಪ್ಪಿನಿಂದ ಸರಳು ಇಳಿಸುತ್ತ, "ಧರ್ಮೇಶಯ್ಯನ ಬಿಳಿ ಗಾಡಿ ತೂಕಕ್ಕೆ ಹಾಕ್ಬಿಟ್ರಂತೆ ಮಾರಾಯ್ತಿ, ಎಂಥಾ ಗಾಡಿ!" ಎಂದುಬಿಟ್ಟ. ಯಾರ ಮುಂದೆ ಆಡಿದೆ ಎಂದು ಆಮೇಲೆ ಹೊಳೆದು ತುಟಿ ಕಚ್ಚಿಕೊಂಡ.

ಭವ್ಯ ಬೆಸುಗೆಯ ಕಪ್ಪು ಕನ್ನಡಕ ಹಣೆಗೇರಿಸಿದಳು. "ಎಂಜಿನ್ ಇದೆಯಾ? ಕಿತ್ತಿದ್ದಾರಾ?"

"ಇದೆ ಅನ್ಸುತ್ತೆ. ಯಾಕೆ?"

"ಸಂಜೆ ಅಲ್ಲಿಗೆ ಹೋಗ್ಬೇಕು. ನಿನ್ನ ಪಿಕಪ್ ಬೇಕಾಗ್ಬೋದು, ಎಳ್ಕೊಂಡು ಬರೋದಕ್ಕೆ."

ಕಮ್ಮರಡಿಯ ಪೇಟೆ ಮುಗಿಯುವಲ್ಲಿ ಭವ್ಯಳದೂ ಅವಳ ಗಂಡ ರಾಕೇಶನದೂ ಮನೆ, ಅದರ ಪಕ್ಕಕ್ಕೇ ಒಂದು ತಗಡಿನ ಶೆಡ್ಡು. ಒಂದು ಪಾಲಿನಲ್ಲಿ ರಾಕೇಶ ಜೀಪು ರಿಪೇರಿ ಮಾಡುತ್ತಿದ್ದ, ಇನ್ನೊಂದು ಪಾಲಿನಲ್ಲಿ ಭವ್ಯ ಗೇಟು, ಕಿಟಕಿ, ಅಡಿಕೆ ಒಣಗಿಸುವ ಚಪ್ಪರದ ಪೈಪು ಬೆಸೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನೇ ಕಲಿಸಿದ ಕೆಲಸ. ಕಡೆಕಡೆಗೆ ಜೀಪಿನ ಚಾಸಿ ಬೆಸೆಯುವುದಿದ್ದರೆ ರಾಕೇಶನೇ ಹೆಂಡತಿಯನ್ನು ಕರೆಯುತ್ತಿದ್ದ. "ನನ್ನ ಬೆಸುಗೆ ಬಿಡ್ಬೋದು, ಇವಳದ್ದು ಬಿಡಲ್ಲ" ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ.

ಹಿಂದಿನ ಮಾಗಿಯಲ್ಲಿ, ಮಂಜು ಇನ್ನೂ ಏಳದ ಬೆಳಿಗ್ಗೆ, ರಾಕೇಶ ತನ್ನ ಹಳೇ ಜೀಪಿನಲ್ಲಿ ಬಾಳೆಹೊನ್ನೂರಿನಿಂದ ಬರುತ್ತಿದ್ದಾಗ ಎದುರಿನಿಂದ ಸ್ಕಾರ್ಪಿಯೋ ತಿರುವಿನಲ್ಲಿ ಬಲಕ್ಕೆ ಬಂದು ಗುದ್ದಿತು. ಜೀಪು ರಸ್ತೆ ಬಿಟ್ಟು ಕೆಳಗಿನ ಹಳ್ಳಕ್ಕೆ ಉರುಳಿತು. ಆಸ್ಪತ್ರೆ ತಲುಪುವ ಮೊದಲೇ ರಾಕೇಶ ತೀರಿಕೊಂಡ. ಸ್ಕಾರ್ಪಿಯೋ ಬಸರೀಕಟ್ಟೆಯ ಎಸ್ಟೇಟಿನ ಚಂದ್ರಶೇಖರಯ್ಯನವರದು. ಓಡಿಸುತ್ತಿದ್ದವನು ಅವರ ಡ್ರೈವರ್ ಬೂತಪ್ಪ ಎಂದು ಪೊಲೀಸರ ಕಾಗದದಲ್ಲಿ ಬಂತು. ಬೂತಪ್ಪನೂ ಹೌದೆಂದ. ಕೊಪ್ಪದ ಕೋರ್ಟಿನಲ್ಲಿ ಕೇಸು ವಾಯಿದೆಯಿಂದ ವಾಯಿದೆಗೆ ಹೋಗುತ್ತಿತ್ತು.

ಆದರೆ ಆ ಸೀಮೆಯಲ್ಲಿ ಬೂತಪ್ಪನ ಡ್ರೈವಿಂಗ್ ಗೊತ್ತಿಲ್ಲದವರು ಯಾರಿದ್ದರು? ಬಸ್ಸಿನ ಹಿಂದೆ ಸಿಕ್ಕಿದರೆ ಊರು ಬರುವ ತನಕ ಬಸ್ಸಿನ ಹಿಂದೆಯೇ ಹೋಗುವ ಮನುಷ್ಯ. ಹಾರಿಸಿಕೊಂಡು ಹೋಗುವವನು ಚಂದ್ರಶೇಖರಯ್ಯನ ಮಗ ಧರ್ಮೇಶ. ಮಳೆಗಾಲ ಮುಗಿದು ಮಾಗಿ ಬಂದ ಮೇಲೆ ನರಸಿಂಹರಾಜಪುರದ ಹತ್ತಿರ ಒಂದು ಗುಡ್ಡದಲ್ಲಿ ಜೀಪುಗಳ ಆಫ್‌ರೋಡ್ ಸ್ಪರ್ಧೆ ನಡೆಯುತ್ತದೆ, ಅದರಲ್ಲಿ ವರ್ಷವರ್ಷವೂ ಕಪ್ಪು ಎತ್ತುವವನು ಅವನೇ. ಅವನ ಸ್ಪರ್ಧೆಯ ಜೀಪನ್ನು ಮೊದಲು ಕಟ್ಟಿಕೊಟ್ಟವನೂ ರಾಕೇಶನೇ. ರಾಕೇಶ ಸತ್ತು ತಿಂಗಳಾಗುವ ಮೊದಲೇ ಆ ವರ್ಷದ ಸ್ಪರ್ಧೆಗೂ ಧರ್ಮೇಶ ಹೋದ, ಗೆದ್ದ. ಮೈಯೆಲ್ಲ ಕೆಸರು ಮಾಡಿಕೊಂಡು, ಗಲ್ಲದ ಮೇಲೆ ಒಂದು ಹೊಸ ಹೊಲಿಗೆಯ ಗುರುತಿಟ್ಟುಕೊಂಡು, ಕಪ್ಪು ಹಿಡಿದು ನಗುವ ಅವನ ಫೋಟೋ ಊರಿನವರೆಲ್ಲರ ಫೋನಿನಲ್ಲಿ ಓಡಾಡಿತು. ಭವ್ಯಳ ಫೋನಿಗೂ ಬಂತು. ಅವಳು ಅದನ್ನು ಅಳಿಸಲಿಲ್ಲ. ಅನ್ನ ಸೇರದ ದಿನಗಳಲ್ಲಿ ತೆಗೆದು ನೋಡಿಕೊಂಡು, ಅದರ ಸಿಟ್ಟಿನಲ್ಲೇ ಎರಡು ತುತ್ತು ಉಂಡು ಕೆಲಸಕ್ಕೆ ಏಳುತ್ತಿದ್ದಳು.

ತೂಕದ ಬೆಲೆಗೆ ಕೊಂಡ ಸ್ಕಾರ್ಪಿಯೋ ಶೆಡ್ಡಿಗೆ ಬಂದಾಗ ಅತ್ತೆ ಶೇಷಮ್ಮ ಹೊರಗೆ ಬಂದು ನಿಂತರು. ಮುಂಭಾಗ ಒಳಕ್ಕೆ ಕುಸಿದ, ಬಿಳಿ ಬಣ್ಣ ಕಿತ್ತ ಗಾಡಿ. ಯಾವ ಗಾಡಿ ಎಂದು ಅವರು ಕೇಳಲಿಲ್ಲ. ಒಳಗೆ ಹೋಗಿ ತೋಟದ ಹಾರೆ ತಂದರು. ಎರಡು ಕೈಯಲ್ಲಿ ಎತ್ತಿ ಮುಂದಿನ ಗಾಜಿಗೆ ಬಡಿದರು. ಬಿರುಕು ಬಿಟ್ಟಿದ್ದ ಗಾಜು ಒಮ್ಮೆಗೇ ಉದುರಿತು. ಸೆರಗು ಸರಿಮಾಡಿಕೊಂಡು ಹಾರೆಯನ್ನು ಇದ್ದಲ್ಲಿಗೇ ಇಟ್ಟು ಬಂದು ಕೇಳಿದರು:

"ಇದನ್ನ ಎಂತ ಮಾಡ್ತೀಯೇ?"

"ಕತ್ತರಿಸ್ತೀನಿ. ಇದರ ಎಂಜಿನ್ ತೆಗ್ದು ನಿಮ್ಮ ಮಗನ ಜೀಪಿಗೆ ಹಾಕ್ತೀನಿ. ಅವನ ಗಾಡಿಯಿಂದ್ಲೇ ಅವನ ಗುಡ್ಡದಲ್ಲಿ ಅವನನ್ನ ಸೋಲಿಸ್ತೀನಿ. ಊರೆಲ್ಲ ನೋಡ್ಬೇಕು."

ಶೇಷಮ್ಮ ಶೆಡ್ಡಿನ ಹಿಂದೆ ತಗಡು ಮುಚ್ಚಿಟ್ಟಿದ್ದ ಮಗನ ಜೀಪಿನ ಕಡೆ ನೋಡಿದರು. "ಮೊದ್ಲು ಒಬ್ಬ ವಕೀಲ್ರನ್ನ ಒಂದು ಮಾತು ಕೇಳು" ಎಂದರು.

"ಕೋರ್ಟು ಎಂತ ಮಾಡಿದೆ ಅತ್ತೆ ಇಷ್ಟು ದಿನ?"

ಅವರು ಪೊರಕೆ ತಂದು ಉದುರಿದ ಗಾಜು ಗುಡಿಸಿದರು.

ಸೀಟು ಕಳಚುವಾಗ ಭವ್ಯಳ ಕೈ ನಿಂತಿತು. ಡ್ರೈವರ್ ಸೀಟು ಹಳಿಯ ಮೇಲೆ ಪೂರ್ತಿ ಹಿಂದಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಗುದ್ದಿದ ಏಟಿಗೆ ಹಳಿ ಬಾಗಿ ಸೀಟನ್ನು ಅಲ್ಲೇ ಕಚ್ಚಿಕೊಂಡಿತ್ತು, ಸುತ್ತಿಗೆಯಲ್ಲಿ ಹೊಡೆದರೂ ಕದಲಲಿಲ್ಲ. ಅಂದರೆ ಗುದ್ದಿದ ಹೊತ್ತಿಗೆ ಸೀಟು ಇದ್ದದ್ದು ಅಲ್ಲೇ. ಅವಳು ಹತ್ತಿ ಕೂತಳು. ಸಾಧಾರಣ ಎತ್ತರದ ಹೆಂಗಸು ಅವಳು, ಕ್ಲಚ್ಚಿಗೆ ಅವಳ ಕಾಲಿನ ತುದಿಯೂ ತಾಗಲಿಲ್ಲ. ಧರ್ಮೇಶ ಆರಡಿ ಮೀರಿದ ಆಳು. ಬೂತಪ್ಪ ಭವ್ಯಳ ಭುಜಕ್ಕೆ ಬರುವವನು.

ಮಾರನೇ ದಿನ ಅವಳು ಬಸರೀಕಟ್ಟೆಗೆ ಹೋದಳು. ಬೂತಪ್ಪ ಎಸ್ಟೇಟಿನ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯ ಜಗುಲಿಯಲ್ಲಿ ಕೂತು ಬುಟ್ಟಿಗೆ ಬೆತ್ತ ಕಟ್ಟುತ್ತಿದ್ದ. ಅಪಘಾತದ ಮೇಲೆ ಅವನಿಗೆ ಗಾಡಿ ಮುಟ್ಟಲು ಕೊಟ್ಟಿರಲಿಲ್ಲ. ಭವ್ಯಳನ್ನು ಕಂಡದ್ದೇ ಎದ್ದು ನಿಂತ, ಕಣ್ಣೆತ್ತಲಿಲ್ಲ.

"ನನ್ನ ಗಂಡನ್ನ ಕೊಂದೋನು ನೀನೇ ಅಂತ ಹೇಳ್ಕೊಂಡಿದ್ದೀಯಲ್ಲ ಬೂತಪ್ಪಣ್ಣ. ಹಂಗಾದ್ರೆ ನನ್ನ ಜೊತೆ ಒಂದ್ಸಲ ಶೆಡ್ಡಿಗೆ ಬಾ. ಅಷ್ಟೂ ಆಗಲ್ವಾ?"

ಅವನು ಬೆತ್ತ ಪಕ್ಕಕ್ಕಿಟ್ಟು ಅವಳ ಹಿಂದೆ ಹೊರಟ. ಶೆಡ್ಡಿನಲ್ಲಿ ಆ ಗಾಡಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಹತ್ತು. ಕೂರು" ಎಂದಳು ಭವ್ಯ.

"ಅಮ್ಮಾ, ಬೇಡ..."

"ಕೂರು."

ಅವನು ಹತ್ತಿ ಕೂತ. ಗಾಜಿನ ಚೂರು ಒರೆಸಿದ ಸೀಟಿನಲ್ಲಿ ಅವನ ಬೆನ್ನು ಒರಗಿದರೆ ಕಾಲು ಗಾಳಿಯಲ್ಲಿ ತೂಗುತ್ತಿತ್ತು.

"ಬ್ರೇಕ್ ತುಳಿ" ಎಂದಳು ಭವ್ಯ. ಅವನು ಸುಮ್ಮನೆ ಸ್ಟೇರಿಂಗ್ ನೋಡುತ್ತಿದ್ದ. "ತುಳಿಯೋ!" ಎಂದು ಅವಳು ಕಿರುಚಿದಾಗ ಜಗುಲಿಯಲ್ಲಿದ್ದ ಶೇಷಮ್ಮ ಎದ್ದು ಬಂದರು.

ಬೂತಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳು ನಿಂತ ಮೇಲೆ ಹೇಳಿದ. ಅವತ್ತು ಗಾಡಿ ಓಡಿಸುತ್ತಿದ್ದವನು ಸಣ್ಣಯ್ಯ ಧರ್ಮೇಶ. ತಾನು ಪಕ್ಕದಲ್ಲಿದ್ದೆ. ಗುದ್ದಿದ ಮೇಲೆ ಸಣ್ಣಯ್ಯನ ಗಲ್ಲ ಸ್ಟೇರಿಂಗಿಗೆ ಬಡಿದು ರಕ್ತ ಸೋರುತ್ತಿತ್ತು. ಇಳಿದವನೇ ಫೋನು ತೆಗೆದು ತಂದೆ ದೊಡ್ಡಯ್ಯನ ಹತ್ತಿರ ಮಾತಾಡಿದ. ಆಮೇಲೆ, ಬೂತಾ, ಈ ಕಡೆ ಬಾ, ಈ ಸೀಟಲ್ಲಿ ಕೂತ್ಕೋ, ಯಾರು ಕೇಳಿದ್ರೂ ನೀನೇ ಹೊಡೀತಿದ್ದೆ ಅನ್ನು ಎಂದ.

"ಅವರು?" ಎಂದು ಕೇಳಿದಳು ಭವ್ಯ. "ನಮ್ಮನೆಯವರು?"

ಬೂತಪ್ಪ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ.

"ಹೇಳು ಬೂತಪ್ಪಣ್ಣ. ಅವರಾಗ್ಲೇ ಹೋಗಿದ್ರಾ?"

"ಇಲ್ಲಮ್ಮ. ಕೆಳಗಿಂದ ಕರೀತಿದ್ರು. ಯಾರಾದ್ರೂ ಇದ್ದೀರಾ, ಯಾರಾದ್ರೂ ಬನ್ನಿ ಅಂತ. ನಾನು ಇಳಿಯಕ್ಕೆ ಹೋದೆ. ಸಣ್ಣಯ್ಯ ಅಂಗಿ ಹಿಡ್ದು ಎಳೆದ್ರು. ದೊಡ್ಡಯ್ಯ ಬೇರೆ ಗಾಡಿ ಕಳಿಸಿ ಸಣ್ಣಯ್ಯನ್ನ ಕರ್ಕೊಂಡು ಹೋಗೋ ತಂಕ ಇಳೀಬಾರ್ದು ಅಂದ್ರು. ಆ ಗಾಡಿ ಬಂತು, ಅವರು ಹೋದ್ರು. ನಾನು ಇಳಿದೆ. ಅಷ್ಟೊತ್ತಿಗೆ ಕರೆಯೋದು ನಿಂತಿತ್ತು."

ಶೇಷಮ್ಮ ಅಲ್ಲೇ ನೆಲದ ಮೇಲೆ ಕೂತರು. ಭವ್ಯ ಅಳಲಿಲ್ಲ. ಮಂಜಿನಲ್ಲಿ ರಾಕೇಶ ಕರೆದ ದನಿ ಹೇಗಿದ್ದಿರಬಹುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೀಪಿನ ಕೆಳಗೆ ಮಲಗಿ ಸ್ಪ್ಯಾನರ್ ಕೇಳುವಾಗಲೂ ಅವನು ಹೀಗೆಯೇ, ಯಾರಾದ್ರೂ ಇದ್ದೀರಾ, ಎಂದು ಕೂಗುತ್ತಿದ್ದ. ಆ ಯಾರಾದರೂ ಯಾವಾಗಲೂ ಅವಳೇ ಆಗಿರುತ್ತಿದ್ದಳು.

"ಇದನ್ನ ಕೋರ್ಟಲ್ಲಿ ಹೇಳ್ತೀಯಾ?" ಎಂದು ಕೇಳಿದವರು ಶೇಷಮ್ಮ.

"ಹೇಳಿದ್ರೆ ಲೈನ್ ಮನೆ ಖಾಲಿ ಮಾಡಿಸ್ತಾರಮ್ಮ. ಮಗಳು ಹೆರಿಗೆಗೆ ಬಂದಿದ್ದಾಳೆ. ಎಲ್ಲಿಗೆ ಹೋಗ್ಲಿ?" ಅವನು ಗಾಡಿಯಿಂದ ಇಳಿದ. "ಬೇರೆ ಎಂತ ಬೇಕಾದ್ರೂ ಮಾಡ್ತೀನಿ."

"ಹಂಗಾದ್ರೆ ಇದನ್ನ ಬಿಚ್ಚು" ಎಂದು ಭವ್ಯ ಅವನ ಕೈಗೆ ಸ್ಪ್ಯಾನರ್ ಕೊಟ್ಟಳು.

ಬೂತಪ್ಪ ದಿನಾ ಬಸ್ಸಿನಲ್ಲಿ ಬಂದ. ಎಸ್ಟೇಟಿನಲ್ಲಿ ಕೇಳಿದರೆ ಕೊಪ್ಪದಲ್ಲಿ ಮೂಟೆ ಹೊರುವ ಕೆಲಸ ಎನ್ನುತ್ತಿದ್ದ.

ಸ್ಕಾರ್ಪಿಯೋದ ರೇಡಿಯೇಟರ್ ಒಡೆದಿತ್ತು, ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನೂ ಗೇರ್ ಬಾಕ್ಸನ್ನೂ ಇಳಿಸಿ ಪಕ್ಕಕ್ಕಿಟ್ಟ ಮೇಲೆ ಭವ್ಯ ಗ್ಯಾಸ್ ಕಟ್ಟರ್ ಹಚ್ಚಿದಳು. ಬೇಕಾದ್ದು ತೆಗೆದುಕೊಂಡು ಮಿಕ್ಕಿದ್ದನ್ನು ಬಿಸಾಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಬಾಗಿಲು, ಕಂಬ, ಮಾಡು, ನೆಲ, ಒಂದೊಂದನ್ನೂ ಕೈಯಗಲದ ಚೂರು ಮಾಡಿದಳು. ಊಟಕ್ಕೆ ಕರೆದರೂ ಬರಲಿಲ್ಲ. ಬೆಂಕಿ ತಾಗಿ ಬಿಳಿ ಬಣ್ಣ ಗುಳ್ಳೆಯೆದ್ದು ಕರ್ರಗಾಗುವುದನ್ನು ನೋಡುತ್ತ ಅವಳ ಮುಖದ ಮೇಲೆ ಬಂದ ನಗುವನ್ನು ಕಂಡು ಬೂತಪ್ಪ ಹಿಂದಕ್ಕೆ ಸರಿದ.

ರಾಕೇಶನ ಜೀಪಿನ ಚಾಸಿ ಬಾಗಿ ಮುರುಟಿಹೋಗಿತ್ತು. ಅದನ್ನು ಕಾಯಿಸಿ ನೆಟ್ಟಗೆ ಮಾಡಿ, ಒಳಗೂ ಹೊರಗೂ ಕಬ್ಬಿಣದ ಪಟ್ಟಿ ಬೆಸೆದು ದಪ್ಪ ಮಾಡಿದಳು. ಜೀಪಿನ ಹಳೇ ಆಕ್ಸಲ್ ಆ ಎಂಜಿನ್ನಿನ ಬಲ ತಡೆಯುವಂಥದ್ದಲ್ಲ. ಶಿವಮೊಗ್ಗದಲ್ಲಿ ಹರಾಜಿಗೆ ಬಂದಿದ್ದ ಮಿಲಿಟರಿ ಟ್ರಕ್ಕಿನ ಎರಡೂ ಆಕ್ಸಲ್‌ಗಳನ್ನು ಲಿಂಗಪ್ಪ ಹುಡುಕಿ ತಂದ. ಸ್ಟೇರಿಂಗಿಗೆ ಹೊಲದಲ್ಲಿ ಸುಮ್ಮನೆ ನಿಂತಿದ್ದ ಟ್ರ್ಯಾಕ್ಟರಿನ ಪಂಪು ಸಿಕ್ಕಿತು. ನಾಲ್ಕು ಗಾಡಿ ಸೇರಿ ಒಂದಾಗಬೇಕು, ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲ ಸಲ ಎಂಜಿನ್ ಹೊತ್ತಿಸಿ ಗೇರ್ ಹಾಕಿದಾಗ, ಎಂಜಿನ್ ತಿರುಗಿದ್ದನ್ನು ಆಕ್ಸಲ್ಲಿಗೆ ದಾಟಿಸುವ, ಕಡಿದು ಕೂಡಿಸಿದ್ದ ಪ್ರೊಪೆಲ್ಲರ್ ಶಾಫ್ಟು ದಡಬಡಿಸಿ ಕಳಚಿಬಂದು ಶೆಡ್ಡಿನ ತಗಡನ್ನು ಸೀಳಿಕೊಂಡು ಹೋಯಿತು. ಬೂತಪ್ಪ ಸ್ವಲ್ಪದರಲ್ಲಿ ಉಳಿದುಕೊಂಡ. ಭವ್ಯ ಶಾಫ್ಟನ್ನು ತಂದು ಮತ್ತೆ ಕಡಿದಳು. ಆಕ್ಸಲ್ ಕೂತ ಓರೆ ಸರಿಯಿಲ್ಲ ಎಂದು ತಿಳಿಯಲು ಇನ್ನೂ ಎರಡು ಶಾಫ್ಟು ಹಾಳಾದವು.

ಪಕ್ಕದವನು ಕೂರಲು ಆ ಸಿಕ್ಕಿಕೊಂಡ ಸೀಟನ್ನೇ, ಬಾಗಿದ ಹಳಿ ಸಮೇತ, ಜೀಪಿನ ನೆಲಕ್ಕೆ ಬೆಸೆದಳು. ಮುಂದೆ ಸ್ಕಾರ್ಪಿಯೋದ ಸೊಟ್ಟ ಜಾಲರಿಯನ್ನು ತಲೆಕೆಳಗಾಗಿ ಕೂರಿಸಿದಳು.

"ಇದು ಬೇಕೇನಮ್ಮಾ?" ಎಂದ ಬೂತಪ್ಪ.

"ಅವನಿಗೆ ಗುರ್ತು ಸಿಗ್ಬೇಕು. ಮತ್ತೆ ಗುಡ್ಡದಲ್ಲಿ ನನ್ನ ಪಕ್ಕ ಕೂರೋನು ನೀನು."

"ಅಯ್ಯೋ, ನನ್ನನ್ನ ನೋಡಿದ್ರೆ ಸಣ್ಣಯ್ಯ..."

"ನೋಡ್ಲಿ. ಬೇರೆ ಎಂತ ಬೇಕಾದ್ರೂ ಮಾಡ್ತೀನಿ ಅಂದಿದ್ಯಲ್ಲ."

ಇಂಥ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಸ್ಪರ್ಧೆಯ ದಿನ ಅದನ್ನು ಲಾರಿಯ ಮೇಲೆ ಹೊತ್ತು ನರಸಿಂಹರಾಜಪುರ ದಾಟಿದರು. ಭದ್ರಾ ಹಿನ್ನೀರು ಕಾಣುವ ಗುಡ್ಡ, ಬುಡದಲ್ಲಿ ಕೆಸರು ಹಳ್ಳ, ಮೇಲೆ ಬಂಡೆ. ಹೆಂಗಸೊಬ್ಬಳು ಗಾಡಿ ತಂದಿದ್ದಾಳೆಂದು ಜನ ಸುತ್ತ ನೆರೆದು ಫೋಟೋ ತೆಗೆದರು. ಕಮ್ಮರಡಿ ಕಡೆಯವರು ಜೀಪಿನ ಮೈಯ ಹಸಿರು ಬಣ್ಣ ನೋಡಿ, ರಾಕೇಶನದ್ದು ಎಂದು ಪಿಸುಗುಟ್ಟಿದರು. ಧರ್ಮೇಶ ತನ್ನ ತಂಡದವರೊಂದಿಗೆ ನಗುತ್ತ ಬಂದ. ಜಾಲರಿ ನೋಡಿದ. ಪಕ್ಕದ ಸೀಟಿನಲ್ಲಿ ಕಾಲಿನ ಕೆಳಗೆ ಮರದ ತುಂಡಿಟ್ಟುಕೊಂಡು ಕೂತಿದ್ದ ಬೂತಪ್ಪನನ್ನು ನೋಡಿದ. ಅವನ ನಗು ಹೋಯಿತು.

"ಎಂತ ನಾಟಕ ಇದು?" ಎಂದು ಭವ್ಯಳ ಕಡೆ ಬಂದ.

"ನಿಮ್ಮದೇ ಗಾಡಿ" ಎಂದಳು ಭವ್ಯ. "ತೂಕಕ್ಕೆ ಹಾಕಿದ್ರಲ್ಲ. ಚೆನ್ನಾಗಿ ಓಡುತ್ತೆ."

ಬೆಳಗಿನ ಸುತ್ತುಗಳಲ್ಲಿ ಹೆಚ್ಚಿನ ಗಾಡಿಗಳು ಹಳ್ಳದಲ್ಲೇ ಹೂತವು. ಟ್ರಕ್ಕಿನ ಆಕ್ಸಲ್ ಹೊತ್ತ ಹಸಿರು ಗಾಡಿ ನಿಧಾನಕ್ಕೆ, ಉಳುವ ಎತ್ತಿನ ಹಾಗೆ, ಕೆಸರು ಸೀಳಿಕೊಂಡು ಬಂತು. ಕಡೆಯ ಸುತ್ತಿಗೆ ಇಬ್ಬರು ಉಳಿದರು. ಅಕ್ಕಪಕ್ಕದ ಎರಡು ಜಾಡಿನಲ್ಲಿ ಒಟ್ಟಿಗೆ ಹೊರಟು, ನೆತ್ತಿಯ ಮೇಲಿನ ಬಾವುಟವನ್ನು ಮೊದಲು ಕಿತ್ತವರು ಗೆದ್ದ ಹಾಗೆ.

ಸೀಟಿ ಊದಿದರು. ಧರ್ಮೇಶನ ಜೀಪು ಹಗುರ, ಹಾರಿಕೊಂಡು ಮುಂದೆ ಹೋಯಿತು. ಅರ್ಧ ಗುಡ್ಡದಲ್ಲಿ ಬಂಡೆ ಸಿಕ್ಕಿದಾಗ ಅದರ ಚಕ್ರ ಸುತ್ತಿದಲ್ಲೇ ಸುತ್ತತೊಡಗಿತು. ಭವ್ಯ ಒಂದನೇ ಗೇರಿನಲ್ಲೇ ಬಂಡೆ ಹತ್ತಿದಳು. ಬೂತಪ್ಪ ಹೊರಗೆ ಬಗ್ಗಿ, ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಿದ್ದ. ಅವರು ಮುಂದಾದರು. ಧರ್ಮೇಶನಿಗೆ ಅದನ್ನು ತಡೆಯಲಾಗಲಿಲ್ಲ. ತನ್ನ ಜಾಡು ಬಿಟ್ಟು ಓರೆಯಾಗಿ ಅವಳ ಜಾಡಿಗೆ ನುಗ್ಗಿದ. ಬೇಕೆಂದೇ ಗುದ್ದಲು ಬಂದನೋ, ಅಡ್ಡ ಹಾಕಲು ಬಂದನೋ, ಅವನಿಗೇ ಗೊತ್ತು. ಹುಲ್ಲಿನಲ್ಲಿ ಮುಚ್ಚಿಹೋಗಿದ್ದ ಮರದ ಬೊಡ್ಡೆಗೆ ಮುಂಚಕ್ರ ಏರಿ, ಜೀಪು ಮಗುಚಿ ಚಕ್ರ ಮೇಲಾಗಿ ಬಿತ್ತು. ಅವನ ಜೊತೆಯವನು ಉರುಳಿ ಹೊರಗೆ ಬಂದ. ಧರ್ಮೇಶ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ.

"ಯಾರಾದ್ರೂ ಬನ್ನಿ!" ಎಂದು ಅವನು ಕೂಗಿದ.

"ಅಮ್ಮಾ, ನಿಲ್ಸಿ" ಎಂದ ಬೂತಪ್ಪ.

ಭವ್ಯ ನಿಲ್ಲಿಸಲಿಲ್ಲ.

"ಅಮ್ಮಾ, ಡೀಸೆಲ್ ಸೋರ್ತಿದೆ. ನಿಲ್ಸಿ, ದಮ್ಮಯ್ಯ!"

"ಕೂಗ್ಲಿ" ಎಂದಳು ಭವ್ಯ. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಸ್ವಲ್ಪ ಹೊತ್ತು ಕೂಗ್ಲಿ."

ಗುಡ್ಡದ ನೆತ್ತಿಯವರೆಗೂ ಆ ಕೂಗು ಕೇಳುತ್ತಿತ್ತು. ಅವಳು ಎಂಜಿನ್ ನಿಲ್ಲಿಸಿ, ಇಳಿದು, ಬಾವುಟ ಕಿತ್ತು, ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನಡೆದುಕೊಂಡೇ ಇಳಿದಳು. ಅಷ್ಟರಲ್ಲಿ ಬೂತಪ್ಪ ಜಾರುತ್ತ ಬೀಳುತ್ತ ಕೆಳಗೆ ಓಡಿದ್ದ. ಬುಡದಿಂದ ಸ್ಪರ್ಧೆಯವರು, ಜನ, ಫೋನು ಹಿಡಿದ ಹುಡುಗರು ಏದುಸಿರು ಬಿಡುತ್ತ ಹತ್ತಿಬಂದರು.

ಭವ್ಯ ಹತ್ತಿರ ಬಂದಾಗ ಧರ್ಮೇಶನ ಮುಖ ಕೆಂಪಾಗಿ ಕಣ್ಣು ಉಬ್ಬಿತ್ತು. ಅವಳು ಕುಕ್ಕರುಗಾಲಿನಲ್ಲಿ ಕೂತು ಆ ಮುಖವನ್ನು ನೋಡಿದಳು. ಒಂದು ವರ್ಷದಿಂದ ಬೇಕಾಗಿದ್ದದ್ದು ಅದೇ. ಕೈ ಚಾಚಲಿಲ್ಲ.

ಬೂತಪ್ಪ ಬೆತ್ತ ಸೀಳುವ ಮಡಚುಗತ್ತಿಯನ್ನು ಜೇಬಿನಿಂದ ತೆಗೆದಿದ್ದ, ಆದರೆ ಬೆಲ್ಟಿಗೆ ಇನ್ನೂ ತಾಗಿಸಿರಲಿಲ್ಲ. ಧರ್ಮೇಶ ಗದರಿದ: "ಏ ಬೂತಾ, ನೋಡ್ತಾ ನಿಂತಿದ್ದೀಯಲ್ಲ, ಬೆಲ್ಟ್ ಕುಯ್ಯೋ! ಯಾರ ಮನೇಲಿ ಮಲಗ್ತಿದ್ದೀಯ ಅಂತ ಮರ್ತೋಯ್ತಾ? ಸಾಯಂಕಾಲಕ್ಕೆ ನಿನ್ನ ಮಗಳು, ಮೊಮ್ಮಗು, ಪಾತ್ರೆ ಎಲ್ಲ ರಸ್ತೇಲಿರುತ್ತೆ."

ಹುಡುಗರ ಫೋನುಗಳು ಬೂತಪ್ಪನ ಕಡೆ ತಿರುಗಿದವು. ಅವನು ಬಗ್ಗಿ, ಒಂದು ತೋಳಲ್ಲಿ ಧರ್ಮೇಶನ ಹೆಗಲಿಗೆ ಆಧಾರ ಕೊಟ್ಟು, ಬೆಲ್ಟ್ ಕುಯ್ದು, ಅವನನ್ನು ನಿಧಾನಕ್ಕೆ ಹೊರಗೆಳೆದು ಹುಲ್ಲಿನ ಮೇಲೆ ಕೂರಿಸಿದ. ನೀರು ಕುಡಿಸಿದ. ಕತ್ತಿ ಮಡಚಿ ಜೇಬಿಗಿಟ್ಟುಕೊಂಡ.

"ಸಣ್ಣಯ್ಯ, ರಾಕೇಶಣ್ಣ ಕೂಗ್ದಾಗ ನನ್ನ ಅಂಗಿ ಹಿಡ್ದು ಎಳೆದಿರಲ್ಲ," ಎಂದ. ಅವನ ದನಿ ದೊಡ್ಡದಾಗಿರಲಿಲ್ಲ, ಆದರೆ ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. "ಅವತ್ತು ನನ್ನನ್ನ ಬಿಟ್ಟಿದ್ರೆ ಅವರನ್ನೂ ಹಿಂಗೇ ಎಳ್ಕೊಂಡು ಬರ್ತಿದ್ದೆ. ಗಾಡಿ ಓಡಿಸ್ತಿದ್ದಿದ್ದು ನೀವು. ಗಲ್ಲಕ್ಕೆ ಹೊಲಿಗೆ ಹಾಕಿಸ್ಕೊಂಡಿದ್ದು ನೀವು. ನಾನಲ್ಲ. ಕೋರ್ಟಲ್ಲೂ ಇನ್ನು ಹಿಂಗೇ ಹೇಳ್ತೀನಿ. ಮನೆ ಖಾಲಿ ಮಾಡ್ತೀನಿ ಬಿಡಿ, ನೀವು ಮಾಡ್ಸೋದು ಬೇಡ."

ಅವತ್ತೇ ಸಾಯಂಕಾಲ ಲಿಂಗಪ್ಪನ ಪಿಕಪ್ಪಿನಲ್ಲಿ ಬೂತಪ್ಪನ ಸಾಮಾನು, ಮಗಳು, ಎಳೇ ಮಗು ಕಮ್ಮರಡಿಗೆ ಬಂದವು. ಬಾಣಂತಿಯನ್ನು ಶೇಷಮ್ಮ ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಬೂತಪ್ಪ ಶೆಡ್ಡಿನಲ್ಲಿ ರಾಕೇಶನ ಪಾಲಿನಲ್ಲಿ ಹಾಸಿಕೊಂಡ.

ಅತ್ತೆ ಮೊದಲೇ ಹೇಳಿದ್ದ ಹಾಗೆ ಭವ್ಯ ವಕೀಲರ ಹತ್ತಿರ ಹೋದದ್ದು ಆಮೇಲೆ. ದತ್ತಮೂರ್ತಿ ಶೃಂಗೇರಿಯವರು, ಕೊಪ್ಪದಲ್ಲಿ ವಕೀಲಿಕೆ ಮಾಡುತ್ತಿದ್ದರು. ಬೂತಪ್ಪನ ಮಾತೆಲ್ಲ ಕೇಳಿ, ಸೀಟಿನ ವಿಷಯ ಬಂದಾಗ ಕುರ್ಚಿಯಲ್ಲಿ ಮುಂದಕ್ಕೆ ಬಂದರು.

"ಆ ಗಾಡಿ ಈಗೆಲ್ಲಿದೆಯಮ್ಮಾ?"

"ಕತ್ತರಿಸಿದೆ."

"ಎಷ್ಟು?"

"ಪೂರ್ತಿ. ಸೀಟು, ಹಳಿ ಇದೆ. ಬೇರೆ ಗಾಡಿಗೆ ಬೆಸೆದಿದ್ದೀನಿ."

ದತ್ತಮೂರ್ತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಸು ಮುಗಿಯೋ ತನಕ ಮಾರಬಾರ್ದು ಅಂತ ಕೋರ್ಟಿನ ಷರತ್ತು ಇತ್ತು. ಮಾರಿದ್ದು ಅವರ ತಪ್ಪು, ಅದಕ್ಕೆ ಉತ್ತರ ಕೊಡ್ತಾರೆ. ಆದ್ರೆ ಆ ಸೀಟು ಗಾಡಿಯಲ್ಲಿ ಇದ್ದ ಹಾಗೇ ಇದ್ದಿದ್ರೆ, ಒಬ್ಬರು ಇನ್ಸ್‌ಪೆಕ್ಟರ್ ಬಂದು ನೋಡಿದ್ರೆ ಸಾಕಿತ್ತು, ಬೇರೆ ಸಾಕ್ಷಿನೇ ಬೇಡ. ಈಗ ಅದು ನೀವು ಬೆಸೆದ ಒಂದು ಸೀಟು. ಯಾವ ಗಾಡೀದು, ಎಲ್ಲಿತ್ತು, ಹಳಿ ಬಾಗಿಸಿದ್ದು ಯಾರು ಅಂತ ಅವರ ವಕೀಲರು ಕೇಳ್ತಾರೆ. ಸಿಟ್ಟಲ್ಲಿ ಎಂಥಾ ಕೆಲಸ ಮಾಡಿದ್ರಮ್ಮ."

ಭವ್ಯ ತನ್ನ ಕೈಗಳನ್ನು ನೋಡಿಕೊಂಡಳು. ಬೆಂಕಿಯಲ್ಲಿ ಬಿಳಿ ಬಣ್ಣ ಗುಳ್ಳೆಯೇಳುವಾಗ ಆದ ಖುಷಿ ಅವಳಿಗೆ ಈಗಲೂ ನೆನಪಿತ್ತು. ಆ ಖುಷಿ ಸುಳ್ಳಾಗಿರಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದಳು. ಶೇಷಮ್ಮ ಮಗುವಿಗೆ ನೀರು ಹಾಕುತ್ತಿದ್ದರು. "ಹೇಳಿದ್ದೆ" ಎನ್ನಲಿಲ್ಲ. "ಬೂತಪ್ಪ ಇದ್ದಾನಲ್ಲ" ಎಂದರು.

ಉಳಿದದ್ದೆಲ್ಲ ಬೂತಪ್ಪನ ಮೇಲೆಯೇ ನಿಂತಿತು. ತಾನು ಮೊದಲು ಸುಳ್ಳು ಹೇಳಿದೆ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಆ ಸುಳ್ಳಿಗೆ ಅವನ ಮೇಲೆ ಬೇರೆಯೇ ಕೇಸಾಯಿತು. ಮರುತನಿಖೆಯಲ್ಲಿ, ಅವತ್ತೇ ಬೆಳಿಗ್ಗೆ ಧರ್ಮೇಶನ ಗಲ್ಲಕ್ಕೆ ಹೊಲಿಗೆ ಹಾಕಿದ ಡಾಕ್ಟರು ಹೌದೆಂದರು. ಎದುರು ವಕೀಲರು ಬೂತಪ್ಪನನ್ನು ಒಂದಿಡೀ ದಿನ ನಿಲ್ಲಿಸಿ, ಕುಡುಕನೆಂದೂ ಭವ್ಯಳ ಮನೆಯ ಅನ್ನ ತಿನ್ನುವವನೆಂದೂ ಆಡಿಕೊಂಡರು. ಅವನು ಕಟಕಟೆ ಹಿಡಿದು ನಿಂತು, "ಅನ್ನ ತಿನ್ನೋದು ಹೌದು ಸ್ವಾಮಿ. ಅವತ್ತು ನಾನು ಪಕ್ಕದಲ್ಲಿ ಕೂತಿದ್ದೆ" ಎಂಬ ಎರಡು ಮಾತನ್ನೇ ತಿರುಗಿಸಿ ತಿರುಗಿಸಿ ಹೇಳಿದ.

ಧರ್ಮೇಶನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿ ಜಾಮೀನಿನ ಮೇಲೆ ಹೊರಗೂ ಬಂದ. ಅವನ ಲೈಸೆನ್ಸ್ ರದ್ದಾಯಿತು, ಜೀಪಿನವರ ಸಂಘ ಅವನ ಹೆಸರು ತೆಗೆದುಹಾಕಿತು. ಬೂತಪ್ಪನಿಗೆ ದಂಡ ಹಾಕಿ ಬಿಟ್ಟರು. ಚಂದ್ರಶೇಖರಯ್ಯ ಮಗನಿಗೆ ಡ್ರೈವರ್ ಹುಡುಕಿದರೆ ಬಸರೀಕಟ್ಟೆಯಲ್ಲಾಗಲಿ ಸುತ್ತಿನಲ್ಲಾಗಲಿ ಒಬ್ಬನೂ ಒಪ್ಪಲಿಲ್ಲ. ಅವರ ಗಾಡಿಯ ಆ ಸೀಟಿನಲ್ಲಿ ಕೂತರೆ ನಾಳೆ ಯಾರ ತಪ್ಪು ನಮ್ಮ ತಲೆಗೆ ಬರುತ್ತೋ ಎಂದರು.

ಒಂದು ಮಧ್ಯಾಹ್ನ ಭವ್ಯ ಕೊಪ್ಪಕ್ಕೆ ವೆಲ್ಡಿಂಗ್ ಕಡ್ಡಿ ತರಲು ಹೋಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹೊನ್ನೂರಿನ ಬಸ್ಸು ನಿಂತಿತ್ತು. ಅದರ ಕಿಟಕಿಯ ಪಕ್ಕ, ಆರಡಿಯ ಮೈಯನ್ನು ಸಣ್ಣ ಸೀಟಿನಲ್ಲಿ ಮುದುರಿಕೊಂಡು, ಧರ್ಮೇಶ ಕೂತಿದ್ದ. ಅವಳು ಹೋಗಬೇಕಾದದ್ದು ಕಮ್ಮರಡಿಗೆ. ಬಾಳೆಹೊನ್ನೂರಿನಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಆ ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡಳು.

ಕಂಡಕ್ಟರಿಗೆ ಊರು ಹೇಳಿದ ದನಿಯಲ್ಲೇ ಅವನಿಗೆ ಗೊತ್ತಾಯಿತು. ಕುತ್ತಿಗೆಯ ನರ ಬಿಗಿಯಿತು. ತಿರುಗಲಿಲ್ಲ. ದಾರಿಯುದ್ದಕ್ಕೂ ಆ ಕುತ್ತಿಗೆಯನ್ನು ನೋಡುತ್ತ ಕೂತಿದ್ದಳು. ರಾಕೇಶನ ಜೀಪು ಉರುಳಿದ ತಿರುವು ಬಂತು. ರಸ್ತೆಯ ಕೆಳಗಿನ ಹಳ್ಳದಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿತ್ತು. ಬಸ್ಸು ಹಾರ್ನ್ ಹಾಕಿ ನಿಧಾನಕ್ಕೆ ತಿರುಗಿತು. ಧರ್ಮೇಶ ಎದ್ದು, "ಇಳೀತೀನಿ, ಇಳೀತೀನಿ" ಎಂದು ಕಂಡಕ್ಟರನ್ನು ಕೂಗಿದ. ಅವನ ಊರು ಅದಲ್ಲ, ಅಲ್ಲಿ ಮನೆಗಳೂ ಇರಲಿಲ್ಲ. ಬಸ್ಸು ಅವನನ್ನು ರಸ್ತೆಯ ಬದಿಯಲ್ಲಿ ಬಿಟ್ಟು ಹೋಯಿತು. ಅವನು ಮುಂದೆ ನಡೆಯಲೋ ಹಿಂದೆ ನಡೆಯಲೋ ತಿಳಿಯದೆ ನಿಂತದ್ದನ್ನು ಭವ್ಯ ಹಿಂದಿನ ಗಾಜಿನಿಂದ ಕಾಣುವಷ್ಟು ಹೊತ್ತು ನೋಡಿದಳು.

ಬಾಳೆಹೊನ್ನೂರಿನಲ್ಲಿ ಇಳಿದು ಹಿಂದಿರುಗುವ ಬಸ್ಸಿಗೆ ಕಾದು ಮನೆಗೆ ಬರುವಾಗ ತಡವಾಗಿತ್ತು. ಬೂತಪ್ಪ ಯಾರದೋ ಜೀಪಿನ ಕ್ಲಚ್ಚು ಬಿಚ್ಚುತ್ತಿದ್ದ.

"ಎಲ್ಲಿಗೆ ಹೋಗಿದ್ರಮ್ಮಾ ಇಷ್ಟೊತ್ತು?"

"ಸುಮ್ನೆ" ಎಂದಳು ಭವ್ಯ. "ನಾಳೆನೂ ಆ ಬಾಳೆಹೊನ್ನೂರು ಬಸ್ಸು ಹತ್ಬೇಕು."